ಅನುದಾನದ ಲೆಕ್ಕವಿದೆ, ಸಂಶೋಧಕರ ಲೆಕ್ಕವೆಲ್ಲಿ?

ಜೀವವೈದ್ಯಕೀಯ ಸಂಶೋಧನೆಯನ್ನು ವೃತ್ತಿಯಾಗಿ ಆರಿಸಿಕೊಳ್ಳುವ ಯುವಜನರಿಗೆ ನೆರವಾಗುವ ಕಾರ್ಯಕ್ರಮವೊಂದರ ಮೂರನೆಯ ಹಂತಕ್ಕೆ ಕೇಂದ್ರ ಸಚಿವ ಸಂಪುಟ 2025ರ ಅಕ್ಟೋಬರ್ 1ರಂದು ಒಪ್ಪಿಗೆ ನೀಡಿತು. ಒಟ್ಟು ವೆಚ್ಚ 1,500 ಕೋಟಿ ರೂಪಾಯಿ. ಇದರಲ್ಲಿ 1,000 ಕೋಟಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯದು, ಉಳಿದ 500 ಕೋಟಿ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್‌ನದು. 2008-09ರಲ್ಲಿ ಆರಂಭವಾದ ಈ ಸಹಭಾಗಿತ್ವವನ್ನು ‘ಇಂಡಿಯಾ ಅಲಯನ್ಸ್’ ಎಂಬ ಸಂಸ್ಥೆ ನಿರ್ವಹಿಸುತ್ತಿದೆ. ಹೊಸ ಹಂತದ ಫೆಲೋಶಿಪ್‌ಗಳನ್ನು 2030-31ರವರೆಗೆ ಮಂಜೂರು ಮಾಡಿ, ಅವುಗಳ ವೆಚ್ಚವನ್ನು 2037-38ರವರೆಗೂ ಭರಿಸುವ ಏರ್ಪಾಡಿದೆ. ಇದು ಕ್ಯಾನ್ಸರಿಗಷ್ಟೇ ಮೀಸಲಾದ ಯೋಜನೆಯಲ್ಲ. ಆದರೆ ಕ್ಯಾನ್ಸರ್ ಕುರಿತು ಸಂಶೋಧನೆ ನಡೆಸಬಯಸುವ ಯುವ ವಿಜ್ಞಾನಿಗಳಿಗೂ ವೈದ್ಯರಿಗೂ ತೆರೆದಿರುವ ಮುಖ್ಯ ಬಾಗಿಲುಗಳಲ್ಲಿ ಇದೂ ಒಂದು.

ನಿರ್ಧಾರ ಸ್ವಾಗತಾರ್ಹ. ಪ್ರಶ್ನೆಯಿರುವುದು ಮುಂದಿನ ಹೆಜ್ಜೆಯ ಬಗ್ಗೆ. 2038ರಲ್ಲಿ ಈ ಹಣ ಸಾರ್ಥಕವಾಯಿತೇ ಎಂದು ಯಾರಾದರೂ ಕೇಳಿದರೆ, ಯಾವ ಪುರಾವೆಯನ್ನು ಮುಂದಿಟ್ಟು ಉತ್ತರಿಸುತ್ತೇವೆ? 2,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಹಾಗೂ ಪಿಎಚ್.ಡಿ. ನಂತರದ ಸಂಶೋಧಕರಿಗೆ ತರಬೇತಿ, ಉನ್ನತ ಮಟ್ಟದ ಪ್ರಬಂಧಗಳು, ಪೇಟೆಂಟ್ ಪಡೆಯಬಲ್ಲ ಶೋಧಗಳು, ಮಹಿಳೆಯರಿಗೆ ನೀಡುವ ನೆರವಿನಲ್ಲಿ ಶೇ 10ರಿಂದ 15ರಷ್ಟು ಹೆಚ್ಚಳ ಎಂಬ ಗುರಿಗಳನ್ನು ಪ್ರಕಟಣೆಯಲ್ಲಿ ಹೇಳಲಾಗಿದೆ. ಇವೆಲ್ಲ ಎಣಿಸಬಹುದಾದ ಸಂಗತಿಗಳೇ. ಆದರೆ ಎಣಿಸುವುದು ಬೇರೆ, ಮೌಲ್ಯಮಾಪನ ಮಾಡುವುದು ಬೇರೆ. ಹಣ ಕೊಟ್ಟ ಮೇಲೆ ಏನಾಯಿತು ಎಂಬುದು ಎಣಿಕೆ. ಹಣ ಕೊಡದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಅದರ ಪಕ್ಕದಲ್ಲಿಟ್ಟು ತೂಗುವುದು ಮೌಲ್ಯಮಾಪನ. ಅರ್ಥಶಾಸ್ತ್ರ ಓದಿ, ನಂತರ ಬದುಕಿನ ಬಹುಭಾಗವನ್ನು ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಈ ವ್ಯತ್ಯಾಸ ಕೇವಲ ಪಾಂಡಿತ್ಯದ ವಿಷಯವಾಗಿ ಕಾಣುವುದಿಲ್ಲ.

ಇನ್ನೂ ಒಂದು ಕಾರಣವಿದೆ. ನನ್ನ ಊರು ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ. ವಿಜ್ಞಾನಕ್ಕಾಗಿ ನಮ್ಮ ಸೀಮೆ ಕೊಟ್ಟಿರುವುದು ಕಡಿಮೆಯೇನಲ್ಲ. ಅಮೃತಮಹಲ್ ಕಾವಲುಗಳೆಂದು ಹೆಸರಾದ, ತಲೆಮಾರುಗಳಿಂದ ದನ-ಕುರಿ ಮೇಯುತ್ತಿದ್ದ ಹುಲ್ಲುಗಾವಲುಗಳಲ್ಲಿ ಸಾವಿರಾರು ಎಕರೆಯನ್ನು ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ವೈಜ್ಞಾನಿಕ ಸಂಸ್ಥೆಗಳಿಗೆ ಹಂಚಲಾಯಿತು. ಕುದಾಪುರದ ಬಳಿ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ವರವು ಕಾವಲಿನಲ್ಲಿ 4,000ಕ್ಕೂ ಹೆಚ್ಚು ಎಕರೆ ರಕ್ಷಣಾ ಸಂಶೋಧನಾ ಸಂಸ್ಥೆಗೆ, ಉಳ್ಳಾರ್ತಿ ಕಾವಲಿನಲ್ಲಿ ಸುಮಾರು 1,800 ಎಕರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಹೋಯಿತು. ಈ ಹಂಚಿಕೆಯ ನ್ಯಾಯಾನ್ಯಾಯದ ಚರ್ಚೆ ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಅದು ಬೇರೆಯೇ ಲೇಖನದ ವಸ್ತು. ಆ ಕಾವಲುಗಳಲ್ಲಿ ಕ್ಯಾನ್ಸರ್ ಸಂಶೋಧನೆ ನಡೆಯುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ ಎಂಬುದೂ ನಿಜ. ಆದರೆ ಮುಂಬೈನ ಟಾಟಾ ಸ್ಮಾರಕ ಕ್ಯಾನ್ಸರ್ ಕೇಂದ್ರ 1962ರಿಂದ ಇದೇ ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ. ಅನೇಕ ಆಸ್ಪತ್ರೆಗಳಲ್ಲಿ ವಿಕಿರಣ ಚಿಕಿತ್ಸೆಗೆ ಬಳಕೆಯಾಗುವ ದೇಶೀಯ ಯಂತ್ರ ‘ಭಾಭಾಟ್ರಾನ್’ ಭಾಭಾ ಕೇಂದ್ರದ್ದೇ ಕೊಡುಗೆ. ನೆಲ ಕೊಟ್ಟ ಜನ, ವಿಜ್ಞಾನದಿಂದ ತಮಗೇನು ಬಂತು ಎಂದು ಕೇಳಿದರೆ ಅದನ್ನು ಉದ್ಧಟತನವೆನ್ನಲಾಗದು. ಇಂದಿಗೂ ನಮ್ಮ ಭಾಗದ ಬಡ ರೋಗಿಗೆ ಕ್ಯಾನ್ಸರ್ ಎಂದರೆ ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೇ ಕಣ್ಣಮುಂದೆ ಬರುತ್ತದೆ.

ರೋಗದ ಹೊರೆ ಎಷ್ಟೆಂಬುದನ್ನು ಮೊದಲು ನೋಡೋಣ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಹೊಸದಾಗಿ ಕಂಡುಬಂದ ಪ್ರಕರಣಗಳು ಸುಮಾರು 14.6 ಲಕ್ಷ. ಜೀವಿತಾವಧಿಯಲ್ಲಿ ಒಂಬತ್ತು ಮಂದಿಯಲ್ಲಿ ಒಬ್ಬರಿಗೆ ಈ ರೋಗ ತಗಲುವ ಸಂಭವವಿದೆ. ಇನ್ನೊಂದೆಡೆ, ದೇಶ ಸಂಶೋಧನೆ ಮತ್ತು ಅಭಿವೃದ್ಧಿಗೆ ವ್ಯಯಿಸಿದ್ದು 2020-21ರಲ್ಲಿ ಒಟ್ಟು ದೇಶೀಯ ಉತ್ಪನ್ನದ ಶೇ 0.64ರಷ್ಟು ಮಾತ್ರ. ಹಣ ಇಷ್ಟು ಕಡಿಮೆಯಿರುವಾಗ ಅದನ್ನು ಯಾರಿಗೆ, ಯಾವ ವಯಸ್ಸಿನಲ್ಲಿ, ಎಷ್ಟು ಕಾಲ ಕೊಡಬೇಕೆಂಬ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ.

ಸಂಶೋಧಕರ ಬದುಕಿನಲ್ಲಿ ಅತ್ಯಂತ ದುರ್ಬಲವಾದ ಘಟ್ಟವೊಂದಿದೆ. ಪಿಎಚ್.ಡಿ. ಅಥವಾ ಎಂ.ಡಿ. ಮುಗಿದಿರುತ್ತದೆ, ಸ್ವಂತ ಪ್ರಯೋಗಾಲಯ ಇನ್ನೂ ಇರುವುದಿಲ್ಲ. ವಯಸ್ಸು ಮೂವತ್ತು ದಾಟಿರುತ್ತದೆ, ಸಂಸಾರದ ಜವಾಬ್ದಾರಿ ಹೆಗಲೇರಿರುತ್ತದೆ. ಔಷಧ ಕಂಪೆನಿಯೋ ವಿದೇಶದ ವಿಶ್ವವಿದ್ಯಾಲಯವೋ ಖಾಸಗಿ ಆಸ್ಪತ್ರೆಯೋ ಕೈಬೀಸಿ ಕರೆಯುತ್ತಿರುತ್ತದೆ. ಈ ಐದಾರು ವರ್ಷಗಳಲ್ಲಿ ಕೈಹಿಡಿಯುವವರಿದ್ದರೆ ಸಂಶೋಧಕ ಉಳಿಯುತ್ತಾನೆ, ಇಲ್ಲವಾದರೆ ಅಲ್ಲಿಯವರೆಗೆ ಸಮಾಜ ಮಾಡಿದ ಇಪ್ಪತ್ತು ವರ್ಷಗಳ ವೆಚ್ಚವೂ ಕೈಜಾರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ‘ಕೆ’ ಅಕ್ಷರದಿಂದ ಆರಂಭವಾಗುವ ವೃತ್ತಿ ವಿಕಾಸ ಅನುದಾನಗಳನ್ನು ನೀಡುವುದು ಇದೇ ಘಟ್ಟಕ್ಕಾಗಿ. ನಮ್ಮಲ್ಲೂ ಇನ್‌ಸ್ಪೈರ್ ಫ್ಯಾಕಲ್ಟಿ, ರಾಮಲಿಂಗಸ್ವಾಮಿ ಫೆಲೋಶಿಪ್, 2023ರ ಕಾಯ್ದೆಯಡಿ ರಚನೆಯಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಆರಂಭಿಕ ಅನುದಾನ ಮೊದಲಾದವು ಇವೆ. ಕೆಲವು ಐದು ವರ್ಷಗಳವು, ಕೆಲವು ಮೂರು ವರ್ಷಗಳವು, ಕೆಲವು ಎರಡೇ ವರ್ಷಗಳವು. ಯೋಜನೆಗಳಿಗೇನೂ ಕೊರತೆಯಿಲ್ಲ. ಯಾವ ಯೋಜನೆ ಎಷ್ಟು ಫಲ ಕೊಟ್ಟಿತು ಎಂದು ಅವುಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಪರಿಪಾಠಕ್ಕೆ ಕೊರತೆಯಿದೆ.

ಸರ್ಕಾರದಲ್ಲಿ ಅನುದಾನದ ಕಥೆ ಸಾಮಾನ್ಯವಾಗಿ ಹೇಗೆ ಮುಗಿಯುತ್ತದೆಂಬುದನ್ನು ಬಲ್ಲವರು ಬಲ್ಲರು. ಮಾರ್ಚ್ 31 ಸಮೀಪಿಸುತ್ತದೆ, ಹಣ ಬಳಕೆ ಪ್ರಮಾಣಪತ್ರ ಬರುತ್ತದೆ, ಲೆಕ್ಕಪರಿಶೋಧಕರು ರಸೀದಿಗಳನ್ನು ತಾಳೆ ನೋಡುತ್ತಾರೆ, ಕಡತ ಮುಚ್ಚುತ್ತದೆ. ಹಣ ದುರುಪಯೋಗವಾಗಿಲ್ಲ ಎಂಬುದು ಇದರಿಂದ ಖಾತ್ರಿಯಾಗುತ್ತದೆ, ಸದುಪಯೋಗವಾಗಿದೆ ಎಂಬುದಲ್ಲ. ವಿಜ್ಞಾನದ ಅನುದಾನಗಳಲ್ಲಿ ಇದಕ್ಕೆ ಪ್ರಬಂಧಗಳ ಪಟ್ಟಿಯೊಂದು ಸೇರಿಕೊಳ್ಳುತ್ತದೆ. ಫೆಲೋಶಿಪ್ ಪಡೆದವರು ಇಷ್ಟು ಪ್ರಬಂಧ ಬರೆದರು, ಆದ್ದರಿಂದ ಫೆಲೋಶಿಪ್ ಯಶಸ್ವಿಯಾಯಿತು ಎಂಬುದು ವಾದ. ಇದರ ದೋಷ ಸ್ಪಷ್ಟ. ಆಯ್ಕೆ ಸಮಿತಿ ಆರಿಸಿದ್ದೇ ಹೆಚ್ಚು ಪ್ರಬಂಧ ಬರೆಯಬಲ್ಲವರನ್ನು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ನಂಬಿ ಒಳ್ಳೆಯ ಮೊಳಕೆಗಳನ್ನೇ ಆರಿಸಿ ನೀರೆರೆದ ಮೇಲೆ, ಬೆಳೆದದ್ದು ಬೀಜದ ಗುಣದಿಂದಲೋ ನೀರಿನಿಂದಲೋ ಎಂದು ಹೇಳುವುದು ಹೇಗೆ?

ಇದಕ್ಕೆ ಅರ್ಥಶಾಸ್ತ್ರಜ್ಞರು ಸರಳವಾದ ಉಪಾಯವೊಂದನ್ನು ಕಂಡುಕೊಂಡಿದ್ದಾರೆ. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35 ಅಂಕ ಬಂದರೆ ಪಾಸು, 34 ಬಂದರೆ ನಪಾಸು. ಆ ಇಬ್ಬರು ಹುಡುಗರ ಬುದ್ಧಿಶಕ್ತಿಯಲ್ಲಿ ಹೇಳಿಕೊಳ್ಳುವಂಥ ಅಂತರವೇನೂ ಇರುತ್ತಿರಲಿಲ್ಲ. ಆದರೆ ಒಬ್ಬ ಕಾಲೇಜಿಗೆ ಹೋದ, ಇನ್ನೊಬ್ಬ ಹೋಗಲಿಲ್ಲ. ಹತ್ತು ವರ್ಷದ ನಂತರ ಇಬ್ಬರ ಬದುಕಿನಲ್ಲಿ ಕಾಣುವ ವ್ಯತ್ಯಾಸಕ್ಕೆ ಆ ಒಂದು ಅಂಕದ ಗೆರೆಯೇ ಬಹುಮಟ್ಟಿಗೆ ಕಾರಣ. ಅನುದಾನಗಳಲ್ಲೂ ಹೀಗೆಯೇ. ಗೆರೆಯ ಮೇಲೆ ಕೂದಲೆಳೆಯಲ್ಲಿ ಗೆದ್ದವರನ್ನೂ ಗೆರೆಯ ಕೆಳಗೆ ಕೂದಲೆಳೆಯಲ್ಲಿ ಸೋತವರನ್ನೂ ಹೋಲಿಸಿದರೆ ಹಣದ ನಿಜವಾದ ಪರಿಣಾಮ ತಿಳಿಯುತ್ತದೆ.

ಈ ವಿಧಾನದಿಂದ ಹೊರಬಂದ ಫಲಿತಾಂಶಗಳು ಯೋಚನೆಗೆ ಹಚ್ಚುವಂತಿವೆ. ಬ್ರಯಾನ್ ಜೇಕಬ್ ಮತ್ತು ಲಾರ್ಸ್ ಲೆಫ್‌ಗ್ರೆನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದ ಆರೋಗ್ಯ ಸಂಸ್ಥೆಗಳ ಪಿಎಚ್.ಡಿ. ನಂತರದ ಫೆಲೋಶಿಪ್ ದೊರೆತವರು ಮುಂದಿನ ಐದು ವರ್ಷಗಳಲ್ಲಿ ಸರಾಸರಿ ಒಂದು ಪ್ರಬಂಧವನ್ನು ಹೆಚ್ಚಾಗಿ ಬರೆದರು. ಅಂದರೆ ಶೇ 20ರಷ್ಟು ಹೆಚ್ಚಳ. ಅದೇ ಲೇಖಕರು ಅಲ್ಲಿನ ಸಾಮಾನ್ಯ ಸಂಶೋಧನಾ ಅನುದಾನಗಳನ್ನು ಪರಿಶೀಲಿಸಿದಾಗ ಕಂಡ ಹೆಚ್ಚಳ ಶೇ 7ರಷ್ಟು ಮಾತ್ರ. ಚಿಕ್ಕವರಿಗೆ ಕೊಟ್ಟ ಚಿಕ್ಕ ಮೊತ್ತವೇ ಹೆಚ್ಚು ಕೆಲಸ ಮಾಡಿತೆಂದು ಇದರಿಂದ ಊಹಿಸಬಹುದು. ನೆದರ್ಲೆಂಡ್ಸ್‌ನಲ್ಲಿ ಥೈಸ್ ಬೋಲ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿಕೊಟ್ಟ ಸಂಗತಿ ಇನ್ನೊಂದು. ಆರಂಭದ ಅನುದಾನವನ್ನು ಕೂದಲೆಳೆಯಲ್ಲಿ ಗೆದ್ದವರು ಮುಂದಿನ ಎಂಟು ವರ್ಷಗಳಲ್ಲಿ, ಕೂದಲೆಳೆಯಲ್ಲಿ ಸೋತವರಿಗಿಂತ ಎರಡು ಪಟ್ಟಿಗೂ ಹೆಚ್ಚು ಹಣ ಪಡೆದರು. ಸೋತವರು ಮತ್ತೆ ಅರ್ಜಿ ಹಾಕುವುದನ್ನೇ ಕೈಬಿಟ್ಟದ್ದು ಇದಕ್ಕೆ ಒಂದು ಕಾರಣ. ಮೂರನೆಯದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ್ದು. ವೃತ್ತಿಯ ಆರಂಭದಲ್ಲಿ ಕೂದಲೆಳೆಯಲ್ಲಿ ಸೋತವರ ಪೈಕಿ ಹಲವರು ಆ ಅನುದಾನ ವ್ಯವಸ್ಥೆಯಿಂದಲೇ ಕಣ್ಮರೆಯಾದರು. ಆದರೆ ಛಲ ಬಿಡದೆ ಉಳಿದವರು ಮುಂದಿನ ಹತ್ತು ವರ್ಷಗಳಲ್ಲಿ ಗೆದ್ದವರನ್ನೂ ಮೀರಿಸುವ ಕೆಲಸ ಮಾಡಿದರು.

ಈ ಮೂರನ್ನೂ ಒಟ್ಟಿಗೆ ಓದಿದರೆ ದೊರೆಯುವ ಪಾಠ ಇಷ್ಟು: ಆರಂಭಿಕ ನೆರವು ನಿಜಕ್ಕೂ ಪರಿಣಾಮಕಾರಿ, ಆದರೆ ಆಯ್ಕೆಯ ಗೆರೆ ನಾವು ಭಾವಿಸಿರುವಷ್ಟು ಬುದ್ಧಿವಂತಿಕೆಯದ್ದಲ್ಲ. ಗೆರೆಯ ಕೆಳಗೆ ಬಿದ್ದವರಲ್ಲಿ ನಾವು ಕಳೆದುಕೊಳ್ಳುತ್ತಿರುವುದೇನು ಎಂಬುದು ಅವರ ಹೆಸರು-ವಿವರ ಇಟ್ಟುಕೊಳ್ಳದ ಹೊರತು ತಿಳಿಯುವಂತಿಲ್ಲ. ಮೇಲಿನ ಅಧ್ಯಯನಗಳು ಸಾಧ್ಯವಾದದ್ದೇ ತಿರಸ್ಕೃತ ಅರ್ಜಿಗಳ ಅಂಕಗಳನ್ನೂ ಜೋಪಾನವಾಗಿ ಕಾದಿರಿಸಿದ್ದರಿಂದ.

ಕ್ಯಾನ್ಸರಿನ ವಿಷಯದಲ್ಲಿ ಇನ್ನೊಂದು ತೊಡಕು ಕಾಲದ್ದು. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಉದಾಹರಣೆ ನೋಡಿ. ಅದೂ ನಮ್ಮ ಚಳ್ಳಕೆರೆ, ಮೊಳಕಾಲ್ಮೂರಿನಂತೆ ಮಳೆ ಕಡಿಮೆಯಿರುವ ಸೀಮೆ. ಗರ್ಭಕೊರಳಿನ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚಲು ಯಾವ ತಪಾಸಣೆ ಸೂಕ್ತ ಎಂದು ತಿಳಿಯಲು ಅಲ್ಲಿನ ಹಳ್ಳಿಗಳನ್ನು 52 ಗುಂಪುಗಳನ್ನಾಗಿ ವಿಂಗಡಿಸಿ, 30ರಿಂದ 59 ವಯಸ್ಸಿನ 1,31,746 ಮಹಿಳೆಯರನ್ನು ಅಧ್ಯಯನಕ್ಕೆ ಒಳಪಡಿಸಲಾಯಿತು. ಕೆಲಸ ಆರಂಭವಾದದ್ದು 1999ರಲ್ಲಿ, ಫಲಿತಾಂಶ ಪ್ರಕಟವಾದದ್ದು 2009ರಲ್ಲಿ. ಎಚ್‌ಪಿವಿ ವೈರಾಣುವಿನ ಪರೀಕ್ಷೆಯನ್ನು ಒಮ್ಮೆ ಮಾಡಿದರೂ ಈ ಕ್ಯಾನ್ಸರಿನಿಂದ ಸಂಭವಿಸುವ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂದು ಗೊತ್ತಾಯಿತು. ಇಡೀ ಜಗತ್ತಿನ ತಪಾಸಣಾ ನೀತಿ ಇಂದು ಅದೇ ಪರೀಕ್ಷೆಯತ್ತ ಹೊರಳಿದೆ. ಅದಕ್ಕೆ ಆಧಾರವಾದ ಪುರಾವೆಗಳಲ್ಲಿ ಆ ಬಡ ಜಿಲ್ಲೆಯ ಹೆಣ್ಣುಮಕ್ಕಳು ಒದಗಿಸಿದ್ದು ಪ್ರಮುಖವಾದುದು. ಇಂಥ ಅಧ್ಯಯನವನ್ನು ಮೂರು ವರ್ಷದ ಅನುದಾನದ ಅಳತೆಗೋಲಿನಲ್ಲಿ ಅಳೆದಿದ್ದರೆ 2002ರಲ್ಲೇ ವಿಫಲವೆಂದು ಷರಾ ಬರೆಯಬೇಕಾಗುತ್ತಿತ್ತು. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರಗಳ ಜಂಟಿ ಪ್ರಯತ್ನದಿಂದ ರೂಪುಗೊಂಡ, 2023ರ ಅಕ್ಟೋಬರಿನಲ್ಲಿ ಅನುಮೋದನೆ ಪಡೆದ ದೇಶದ ಮೊದಲ ಸಿಎಆರ್-ಟಿ ಕೋಶ ಚಿಕಿತ್ಸೆಯ ಹಿಂದೆಯೂ ಅನೇಕ ವರ್ಷಗಳ ದುಡಿಮೆಯಿದೆ.

ಅಳತೆಗೋಲು ಚಿಕ್ಕದಾದರೆ ಪ್ರಶ್ನೆಗಳೂ ಚಿಕ್ಕವಾಗುತ್ತವೆ. ಮೂರು ವರ್ಷಗಳೊಳಗೆ ನಾಲ್ಕು ಪ್ರಬಂಧ ತೋರಿಸಬೇಕಾದ ಯುವ ಸಂಶೋಧಕಿ ಪ್ರಯೋಗಾಲಯದ ಕೋಶಗಳ ಮೇಲೆ ಬೇಗ ಮುಗಿಯುವ ಪ್ರಯೋಗವನ್ನೇ ಆಯ್ದುಕೊಳ್ಳುತ್ತಾಳೆ, ಅವಳನ್ನು ದೂರುವಂತಿಲ್ಲ. ಅವಳು ಬಿಟ್ಟುಬಿಡುವ ಪ್ರಶ್ನೆ ಎಂಥದ್ದಿರಬಹುದು? ನಮ್ಮ ಸೀಮೆಯದ್ದೇ ಒಂದನ್ನು ಹೇಳುತ್ತೇನೆ. ಚಳ್ಳಕೆರೆ ಶೇಂಗಾ ಬೆಳೆಗೂ ಎಣ್ಣೆ ಗಿರಣಿಗಳಿಗೂ ಹೆಸರಾದ ಊರು. ಕೊಯ್ಲಿಗೆ ಮುನ್ನ ಮಳೆ ಕೈಕೊಟ್ಟು ಗಿಡ ಬಾಡಿದಾಗ ಶೇಂಗಾ ಕಾಯಿಗೆ ಒಂದು ಬಗೆಯ ಬೂಷ್ಟು ತಗಲುವುದುಂಟು. ತೇವವಿರುವ ಕಡೆ ದಾಸ್ತಾನು ಮಾಡಿದರೆ ಅದು ಇನ್ನಷ್ಟು ಹರಡುತ್ತದೆ. ಆ ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ಖಚಿತವಾದ ಮೊದಲ ಗುಂಪಿನಲ್ಲಿ ಸೇರಿಸಿದೆ. ಅದು ಹಾನಿ ಮಾಡುವುದು ಮುಖ್ಯವಾಗಿ ಯಕೃತ್ತಿಗೆ. ಹೆಪಟೈಟಿಸ್-ಬಿ ಸೋಂಕೂ ಜೊತೆಗಿದ್ದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಗಾಣದಿಂದ ಬರುವ ಹಿಂಡಿಯಲ್ಲಿ ಉಳಿದುಕೊಳ್ಳುವ ಈ ವಿಷ, ಹಿಂಡಿ ತಿಂದ ಎಮ್ಮೆ-ಹಸುಗಳ ಹಾಲಿಗೂ ರೂಪಾಂತರಗೊಂಡು ಇಳಿಯುತ್ತದೆ.

ಇದನ್ನು ಓದಿ ಯಾರೂ ಶೇಂಗಾ ಬಿಡಬೇಕಾಗಿಲ್ಲ. ಒಣಗಿಸುವ ಕ್ರಮ, ಮುಗ್ಗಿದ ಕಾಳನ್ನು ಆರಿಸಿ ತೆಗೆಯುವುದು, ದಾಸ್ತಾನಿನ ಎಚ್ಚರ ಇವುಗಳಿಂದ ಅಪಾಯವನ್ನು ಬಹಳಷ್ಟು ತಗ್ಗಿಸಬಹುದು. ಆದರೆ ಶೇಂಗಾವನ್ನೇ ನಂಬಿದ ತಾಲ್ಲೂಕಿನಲ್ಲಿ ಜನರ ದೇಹಕ್ಕೆ ಈ ವಿಷ ಎಷ್ಟು ಸೇರುತ್ತಿದೆ, ಅದರ ದೀರ್ಘಕಾಲದ ಫಲವೇನು ಎಂಬುದನ್ನು ಅಳೆಯಬೇಕಾದರೆ ಹೊಲ, ಗಿರಣಿ, ಕೊಟ್ಟಿಗೆ, ಆಸ್ಪತ್ರೆ ಎಲ್ಲವನ್ನೂ ಸುತ್ತುವ ಒಬ್ಬ ಸಂಶೋಧಕಿ ಬೇಕು. ಅವಳಿಗೆ ಹತ್ತು-ಹದಿನೈದು ವರ್ಷಗಳ ಅಭಯ ಬೇಕು. ಕ್ಯಾನ್ಸರ್ ವೃತ್ತಿ ವಿಕಾಸ ಅನುದಾನವನ್ನು ಅಳೆಯುವಾಗ ಇಂಥ ಪ್ರಶ್ನೆ ಕೈಗೆತ್ತಿಕೊಳ್ಳುವವರಿಗೆ ಅದು ಧೈರ್ಯ ಕೊಟ್ಟಿತೇ ಎಂದೂ ಕೇಳಬೇಕು.

ವೈದ್ಯ-ಸಂಶೋಧಕರ ಪಾಡು ಇನ್ನೂ ಬಿಗಡಾಯಿಸಿದ್ದು. ಅಮೆರಿಕದಲ್ಲಿ ವೈದ್ಯರಿಗೆ ಕೊಡುವ ‘ಕೆ’ ಅನುದಾನದ ಮುಖ್ಯ ಷರತ್ತು ಹಣಕ್ಕಿಂತ ಸಮಯದ್ದು. ಅನುದಾನ ಪಡೆದ ವೈದ್ಯರ ದುಡಿಮೆಯ ಕನಿಷ್ಠ ಶೇ 75ರಷ್ಟು ಸಮಯವನ್ನು ಸಂಶೋಧನೆಗೆ ಬಿಟ್ಟುಕೊಡುವುದಾಗಿ ಆಸ್ಪತ್ರೆ ಒಪ್ಪಬೇಕು. ಶಸ್ತ್ರಚಿಕಿತ್ಸಕರಿಗೆ ಮಾತ್ರ ತುಸು ಸಡಿಲಿಕೆಯಿದೆ. ನಮ್ಮ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಹೊರರೋಗಿ ವಿಭಾಗದ ಸಾಲು ಬೆಳಗಿನಿಂದ ಸಂಜೆಯವರೆಗೂ ಕರಗುವುದಿಲ್ಲ. ಇಂಥ ಕಡೆ ಯುವ ವೈದ್ಯನಿಗೆ ಅನುದಾನ ಕೊಟ್ಟು ಸಮಯ ಕೊಡದಿದ್ದರೆ, ಅದು ಬಾವಿ ತೋಡಿಸಿ ಹಗ್ಗ ಕೊಡದಂತೆ. ಆದ್ದರಿಂದ ಮಂಜೂರಾದ ರೂಪಾಯಿಗಳ ಜೊತೆಗೆ, ನಿಜವಾಗಿ ದೊರೆತ ಸಂಶೋಧನಾ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ ಮಾತಿಗೆ ಎರಡು ಆಕ್ಷೇಪಗಳು ಬರಬಹುದು. ಜಿಲ್ಲಾ ಕೇಂದ್ರಗಳಲ್ಲೇ ಕ್ಯಾನ್ಸರ್ ಚಿಕಿತ್ಸೆ ಸಾಲದಿರುವಾಗ ಸಂಶೋಧಕರಿಗೆ ಹಣವೇಕೆ ಎಂಬುದು ಮೊದಲನೆಯದು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು; ದೊಡ್ಡಉಳ್ಳಾರ್ತಿಯ ರೋಗಿಗೆ ಇಂದು ಬೇಕಿರುವುದು ಹತ್ತಿರದ ಚಿಕಿತ್ಸೆಯೇ. ಆದರೆ ಉಸ್ಮಾನಾಬಾದಿನ ಅಧ್ಯಯನ ತಿಳಿಸಿದ್ದು ಕಡಿಮೆ ಹಣದಲ್ಲಿ ಹೆಚ್ಚು ಜೀವ ಉಳಿಸುವ ಬಗೆಯನ್ನು. ಬಡ ರಾಜ್ಯಕ್ಕೆ ಅಂಥ ಸಂಶೋಧನೆ ಮಿತವ್ಯಯದ ದಾರಿ. ಸಂಶೋಧನೆಯ ಫಲವನ್ನು ಮೊದಲೇ ಅಳೆಯಲಾಗದು, ಅಳೆಯಹೊರಟರೆ ಸೃಜನಶೀಲತೆ ಸಾಯುತ್ತದೆ ಎಂಬುದು ಎರಡನೆಯದು. ಒಬ್ಬೊಬ್ಬ ಸಂಶೋಧಕನನ್ನು ವರ್ಷವರ್ಷವೂ ಅಳೆದರೆ ಹಾಗಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ನಾನು ಹೇಳುತ್ತಿರುವುದು ಯೋಜನೆಯನ್ನು ಅಳೆಯುವುದು, ಅದರೊಳಗಿನ ವ್ಯಕ್ತಿಯನ್ನಲ್ಲ. ನೂರು ಮಂದಿಯಲ್ಲಿ ಎಷ್ಟು ಮಂದಿ ಸೋತರೆಂಬುದು ಯೋಜನೆಗೆ ತಿಳಿದಿರಲಿ. ಸೋತವರನ್ನು ಕಟಕಟೆಯಲ್ಲಿ ನಿಲ್ಲಿಸುವ ಅಗತ್ಯವಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮಾದರಿಗಾಗಿ ದೂರ ಹೋಗಬೇಕಾಗಿಲ್ಲ. 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಲ್ಲಿ 1982ರಿಂದ ಬೆಂಗಳೂರಿನ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ನಡೆದುಬಂದಿದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮಕ್ಕೆ ಮೊದಲಿಗೆ ಸೇರಿದ ಮೂರು ಜನಸಂಖ್ಯಾಧಾರಿತ ನೋಂದಣಿಗಳಲ್ಲಿ ಅದೊಂದು. ಉಳಿದೆರಡು ಮುಂಬೈ ಮತ್ತು ಚೆನ್ನೈನವು. ನೋಂದಣಿಯ ಸಿಬ್ಬಂದಿ ಆಸ್ಪತ್ರೆ ಆಸ್ಪತ್ರೆಗೆ ಹೋಗಿ, ಮರಣ ದಾಖಲೆಗಳನ್ನು ಹುಡುಕಿ, ಒಂದೊಂದು ಪ್ರಕರಣವನ್ನೂ ದಾಖಲಿಸುತ್ತಾರೆ. ಸದ್ದುಗದ್ದಲವಿಲ್ಲದ ಈ ಕೆಲಸವಿಲ್ಲದಿದ್ದರೆ ಯಾವ ಕ್ಯಾನ್ಸರ್ ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂದು ಹೇಳಲು ನಮ್ಮಲ್ಲಿ ಆಧಾರವೇ ಇರುತ್ತಿರಲಿಲ್ಲ. ಅದೇ ಶ್ರದ್ಧೆಯಿಂದ ಯುವ ಕ್ಯಾನ್ಸರ್ ಸಂಶೋಧಕರದ್ದೂ ಒಂದು ನೋಂದಣಿ ಬೇಕು. ಸಂದರ್ಶನದ ಹಂತ ಮುಟ್ಟಿದ ಪ್ರತಿಯೊಬ್ಬ ಅರ್ಜಿದಾರರ ವಿವರವನ್ನು, ಗೆದ್ದವರಾಗಲಿ ಸೋತವರಾಗಲಿ, ಅವರ ಒಪ್ಪಿಗೆ ಪಡೆದು, ಹೆಸರನ್ನು ಗೋಪ್ಯವಾಗಿಟ್ಟು ದಾಖಲಿಸಬೇಕು. ಐದು, ಹತ್ತು, ಹದಿನೈದು ವರ್ಷಗಳ ನಂತರ ಕೆಲವೇ ಪ್ರಶ್ನೆಗಳನ್ನು ಕೇಳಬೇಕು. ಸಂಶೋಧನೆಯಲ್ಲಿ ಉಳಿದಿದ್ದಾರೆಯೇ? ಸ್ವತಂತ್ರವಾಗಿ ತಂಡ ಕಟ್ಟಿದ್ದಾರೆಯೇ? ಅವರ ಕೆಲಸದಿಂದ ಚಿಕಿತ್ಸೆಯಲ್ಲೋ ತಪಾಸಣೆಯಲ್ಲೋ ನೀತಿಯಲ್ಲೋ ಏನಾದರೂ ಬದಲಾಯಿತೇ? ಬಿಟ್ಟುಹೋಗಿದ್ದರೆ, ಏಕೆ?

ಇದರೊಂದಿಗೆ ಹಣ ಕೊಡುವವರನ್ನೂ ಅಳೆಯಬೇಕು. ಅರ್ಜಿಯ ಕೊನೆಯ ದಿನಾಂಕದಿಂದ ಮೊದಲ ಕಂತು ಕೈಸೇರುವವರೆಗೆ ಎಷ್ಟು ದಿನ ಹಿಡಿಯಿತೆಂಬುದನ್ನು ಪ್ರತಿ ವರ್ಷ ಪ್ರಕಟಿಸಬೇಕು. ಕಿರಿಯ ಸಂಶೋಧಕರ ಶಿಷ್ಯವೇತನವನ್ನು 2023ರ ಜನವರಿಯಿಂದ ಅನ್ವಯವಾಗುವಂತೆ 31,000ದಿಂದ 37,000 ರೂಪಾಯಿಗೆ ಏರಿಸಿದ್ದು ಸರಿಯಾದ ಕ್ರಮ. ಆದರೆ ತಿಂಗಳುಗಟ್ಟಲೆ ತಡವಾಗಿ ಬಂದರೆ ಏರಿಕೆಯ ಅರ್ಥವೇ ಮಂಕಾಗುತ್ತದೆ. ಅಂಥ ವಿಳಂಬದ ವರದಿಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಮನೆ ಬಾಡಿಗೆಗೆ ಸಾಲ ಮಾಡುವ ಸಂಶೋಧಕ ಹತ್ತು ವರ್ಷದ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವುದು ಕಷ್ಟ.

ಕೇಂದ್ರ ಮಾಡಲಿ ಎಂದು ಕರ್ನಾಟಕ ಕಾದು ಕುಳಿತುಕೊಳ್ಳಬೇಕಾಗಿಲ್ಲ. ಯುವ ವಿಜ್ಞಾನಿಗಳಿಗೆ ಬೀಜಧನ ಕೊಡುವ ಪದ್ಧತಿ ರಾಜ್ಯಕ್ಕೆ ಹೊಸದಲ್ಲ. ಸರ್ಕಾರಿ ಯೋಜನೆಗಳ ಫಲವನ್ನು ಪರಿಶೀಲಿಸಲೆಂದೇ ರಚನೆಯಾದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವಿದೆ. ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಕಿದ್ವಾಯಿಯಿದೆ. ಇವನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಿದರೆ ನೋಂದಣಿಯನ್ನು ಮುಂದಿನ ಆಯವ್ಯಯ ವರ್ಷದಲ್ಲೇ ಆರಂಭಿಸಬಹುದು. ಇದಕ್ಕೆ ಬೇಕಾಗುವ ವೆಚ್ಚ, ಅನುದಾನಗಳ ಮೊತ್ತದ ಮುಂದೆ ಗಣನೆಗೆ ಬಾರದಷ್ಟು ಅಲ್ಪ. ಬೇಕಿರುವುದು ಕಡತವನ್ನು ಮಾರ್ಚ್ 31ಕ್ಕೆ ಮುಚ್ಚದೆ ಹದಿನೈದು ವರ್ಷ ತೆರೆದಿಡುವ ಆಡಳಿತದ ತಾಳ್ಮೆ.

ಮೂರನೆಯ ಹಂತದ ಮೊದಲ ತಂಡದ ಆಯ್ಕೆಯೊಂದಿಗೇ ಈ ದಾಖಲಾತಿ ಶುರುವಾಗಬೇಕು. ತಡಮಾಡಿದರೆ ಹೋಲಿಕೆಗೆ ಬೇಕಾದವರು ಚದುರಿಹೋಗುತ್ತಾರೆ, ಹಿಂದಕ್ಕೆ ಹೋಗಿ ಹುಡುಕುವುದು ಅಸಾಧ್ಯವಾಗುತ್ತದೆ. ನಲವತ್ತು ವರ್ಷಗಳಿಂದ ರೋಗಿಗಳ ಲೆಕ್ಕವನ್ನು ನಿಷ್ಠೆಯಿಂದ ಇಟ್ಟುಕೊಂಡು ಬಂದ ನಾಡು ನಮ್ಮದು. ಆ ರೋಗಿಗಳಿಗಾಗಿ ದುಡಿಯಲು ಮುಂದೆ ಬಂದು, ನಡುದಾರಿಯಲ್ಲಿ ಮರೆಯಾಗುವ ತರುಣ ತರುಣಿಯರ ಲೆಕ್ಕವೂ ಅದರ ಪಕ್ಕದಲ್ಲಿರಲಿ.